ಒಂದೇ ರೋ ಮೇಲೆ ಎಲ್ಲರೂ ಬಿದ್ದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಡೇಟಾಬೇಸ್ ಬಗ್ಗೆ ಏನಾದರೂ ಕೇಳಿ ಅಂದಿದ್ದಕ್ಕೆ ಈ ಸಲ ತುಂಬಾ ಪತ್ರ ಬಂದಿವೆ. ಓದುತ್ತಾ ಹೋದರೆ ಹೆಚ್ಚಿನವರ ತೊಂದರೆ ಒಂದೇ. ಸಾವಿರಾರು ಜನ ಒಂದೇ ಹೊತ್ತಿಗೆ ಬಂದು ಒಂದೇ ಜಾಗದಲ್ಲಿ, ಅಂದರೆ ಟೇಬಲ್‌ನ ಒಂದೇ ಸಾಲಿನಲ್ಲಿ (ರೋ), ಬರೆಯಲು ನೋಡುತ್ತಾರೆ, ಡೇಟಾಬೇಸ್ ತಿಣುಕುತ್ತದೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಉದ್ದ ಆಗಿದೆ, ಯಾಕಂದರೆ ಉಳಿದವರಿಗೆ ಬೇಕಾದ್ದೂ ಅದರಲ್ಲೇ ಅರ್ಧ ಇದೆ.

ಪ್ರಶ್ನೆ: ನಾವು ನಾಲ್ಕು ಜನ ಸೇರಿ ನಾಟಕ, ಸಂಗೀತ ಕಛೇರಿಗಳ ಟಿಕೆಟ್ ಬುಕಿಂಗ್ ಆ್ಯಪ್ ನಡೆಸುತ್ತೇವೆ. ಮೊದಲು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ ಒಂದೇ ಸರ್ವರ್ ಇತ್ತು. ಬೆಳಿಗ್ಗೆ 10ಕ್ಕೆ ಬುಕಿಂಗ್ ತೆರೆದ ತಕ್ಷಣ ನಿಧಾನ ಆಗುತ್ತಿತ್ತು ಅಂತ ಮೂರು ನೋಡ್‌ಗಳ (ಯಂತ್ರಗಳ) ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್‌ಗೆ ಬಂದೆವು. ಈಗ ಇನ್ನೂ ನಿಧಾನ. ಲಾಗ್ ತುಂಬಾ 40001 ಎರರ್. ನೋಡ್‌ಗಳನ್ನು ಐದು ಮಾಡಿದೆವು, ಏನೂ ಬದಲಾಗಲಿಲ್ಲ. ಪ್ರತಿ ಕಾರ್ಯಕ್ರಮಕ್ಕೆ ಒಂದು ರೋ ಇದೆ, ಅದರಲ್ಲಿ ‘ಉಳಿದ ಸೀಟು’ ಅಂತ ಒಂದು ಕಾಲಂ. ಎಲ್ಲಿ ತಪ್ಪುತ್ತಿದ್ದೇವೆ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲೇ ಉತ್ತರ ಇದೆ. ‘ಉಳಿದ ಸೀಟು’ ಅನ್ನುವ ಆ ಒಂದು ಕಾಲಂ.

ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ ಬೇರೆ ಬೇರೆ ರೋಗಳನ್ನು ಬೇರೆ ಬೇರೆ ನೋಡ್‌ಗೆ ಹಂಚುತ್ತದೆ. ಒಂದು ರೋವನ್ನು ಕತ್ತರಿಸಿ ಹಂಚುವುದಿಲ್ಲ. ಆ ರೋಗೆ ಒಬ್ಬನೇ ಲೀಡರ್, ಎಲ್ಲ ರೈಟ್‌ಗಳೂ ಅವನ ಮೂಲಕವೇ ಹೋಗಬೇಕು. ಅದರ ಮೇಲೆ, ಬೇರೆ ಬೇರೆ ನೋಡ್‌ಗಳಲ್ಲಿರುವ ಆ ರೋದ ಮೂರು ಪ್ರತಿಗಳಲ್ಲಿ ಕನಿಷ್ಠ ಎರಡು ‘ಬರೆದುಕೊಂಡೆ’ ಅನ್ನುವವರೆಗೆ ಕಮಿಟ್ (ಖಾಯಂ) ಆಗುವುದಿಲ್ಲ. ಅಂದರೆ ಒಂದೊಂದು ರೈಟೂ ನಿಮ್ಮ ಹಳೆಯ ಒಂಟಿ ಸರ್ವರ್‌ಗಿಂತ ನಿಧಾನವೇ. ಜಾತ್ರೆಯಲ್ಲಿ ಪ್ರಸಾದದ ಕೌಂಟರ್ ಐದು ಮಾಡಿ, ಚೀಟಿ ಬರೆಯುವ ಪುಸ್ತಕ ಮಾತ್ರ ಒಂದೇ ಇಟ್ಟ ಹಾಗೆ ಆಗಿದೆ. ಕೌಂಟರ್ ಹತ್ತು ಮಾಡಿದರೂ ಸರದಿ ಕರಗುವುದಿಲ್ಲ, ಪುಸ್ತಕ ಒಂದೇ ಅಲ್ವಾ?

ಲೆಕ್ಕ ಹಾಕಿ ನೋಡಿ. ನಿಮ್ಮ ಟ್ರಾನ್ಸಾಕ್ಷನ್ (ಆದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು ಅನ್ನುವ ಕೆಲಸಗಳ ಕಟ್ಟು) ಆ ರೋವನ್ನು 25 ಮಿಲಿಸೆಕೆಂಡ್ ಹಿಡಿದುಕೊಳ್ಳುತ್ತದೆ ಅಂತಿಟ್ಟುಕೊಳ್ಳೋಣ. ಸೆಕೆಂಡಿಗೆ 40 ಬುಕಿಂಗ್, ಅಷ್ಟೇ. 2000 ಜನ 10 ಗಂಟೆಗೆ ಸರಿಯಾಗಿ ಗುಂಡಿ ಒತ್ತಿದರೆ ಕೊನೆಯವರ ಸರದಿ ಬರುವುದು 50 ಸೆಕೆಂಡ್ ಆದ ಮೇಲೆ. ಅಷ್ಟರಲ್ಲಿ ಅವರ ಆ್ಯಪ್ ಟೈಮ್‌ಔಟ್ ಆಗಿರುತ್ತದೆ, ಮತ್ತೆ ಒತ್ತುತ್ತಾರೆ, ಸರದಿ ಇನ್ನೂ ಬೆಳೆಯುತ್ತದೆ. ಈ ಲೆಕ್ಕದಲ್ಲಿ ನೋಡ್‌ಗಳ ಸಂಖ್ಯೆ ಎಲ್ಲೂ ಬರಲಿಲ್ಲ ನೋಡಿ. ನೀವು ಕೆಲಸ ಮಾಡಬೇಕಾದ್ದು ಆ 25ರ ಮೇಲೆ, ಇಲ್ಲವೇ ಪುಸ್ತಕ ಎಷ್ಟು ಅನ್ನುವುದರ ಮೇಲೆ.

ಇನ್ನು 40001. ಅದು ಬಂದರೆ ಡೇಟಾಬೇಸ್ ಕೆಟ್ಟಿದೆ ಅಂತಲ್ಲ. ಇಬ್ಬರು ಒಟ್ಟಿಗೆ ಓದಿದರು, ಇಬ್ಬರಿಗೂ 412 ಸೀಟು ಕಾಣಿಸಿತು, ಇಬ್ಬರೂ 411 ಅಂತ ಬರೆಯಲು ಹೊರಟರು. ಇಬ್ಬರನ್ನೂ ಬಿಟ್ಟರೆ ಎರಡು ಟಿಕೆಟ್ ಹೋಗುತ್ತದೆ, ಲೆಕ್ಕದಲ್ಲಿ ಒಂದೇ ಕಡಿಮೆಯಾಗುತ್ತದೆ. ಹಾಗಾಗಿ ಒಬ್ಬನಿಗೆ ‘ಮೊದಲಿಂದ ಶುರು ಮಾಡು’ ಅನ್ನುತ್ತದೆ. ಹಾಗಾದರೆ ಹಳೆಯ ಪೋಸ್ಟ್‌ಗ್ರೆಸ್‌ನಲ್ಲಿ ಈ ಎರರ್ ಯಾಕೆ ಬರುತ್ತಿರಲಿಲ್ಲ? ಅಲ್ಲಿ ಡೀಫಾಲ್ಟ್ ರೀಡ್ ಕಮಿಟೆಡ್ ಅನ್ನುವ ಸಡಿಲ ನಿಯಮ, ಹೊಸ ಡೇಟಾಬೇಸ್‌ನಲ್ಲಿ ಬಹುಶಃ ಸೀರಿಯಲೈಸಬಲ್ ಅನ್ನುವ ಬಿಗಿ ನಿಯಮ. ನಿಮ್ಮ ಕೋಡ್ ಮೊದಲು ಓದಿ, ಆ್ಯಪ್‌ನಲ್ಲಿ ಒಂದು ಕಳೆದು, ಬಂದ ಸಂಖ್ಯೆಯನ್ನೇ ವಾಪಸ್ ಬರೆಯುತ್ತಿದ್ದರೆ, ಹಳೆಯದರಲ್ಲಿ ಈ ತಪ್ಪು ಸದ್ದಿಲ್ಲದೆ ಆಗಿರುವ ಸಾಧ್ಯತೆ ಜಾಸ್ತಿ. ದಯವಿಟ್ಟು ಹಳೆಯ ಕಾರ್ಯಕ್ರಮಗಳ ಮಾರಿದ ಟಿಕೆಟ್ ಎಣಿಸಿ, ಸಭಾಂಗಣದ ಸೀಟಿನ ಜೊತೆ ತಾಳೆ ನೋಡಿ.

ಮೊದಲು ಮಾಡಬೇಕಾದ ಕೆಲಸ ಅದನ್ನೇ ಸರಿ ಮಾಡುವುದು. ಓದು, ಲೆಕ್ಕ, ಬರೆ ಅನ್ನುವ ಮೂರು ಹೆಜ್ಜೆ ಬೇಡ. ಒಂದೇ ಅಪ್‌ಡೇಟ್ ಸಾಕು: ‘ಉಳಿದ ಸೀಟಿನಲ್ಲಿ ಒಂದು ಕಳೆ, ಉಳಿದದ್ದು ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ’. ಎಷ್ಟು ರೋ ಬದಲಾಯಿತು ಅಂತ ಡೇಟಾಬೇಸ್ ಹೇಳುತ್ತದೆ. ಒಂದು ಅಂದರೆ ಸೀಟು ಸಿಕ್ಕಿತು, ಸೊನ್ನೆ ಅಂದರೆ ಮುಗಿದಿದೆ. ನಡುವೆ ನಿಮ್ಮ ಆ್ಯಪ್ ಸರ್ವರ್‌ಗೆ ಹೋಗಿ ಬರುವ ಸಮಯ ಪೂರ್ತಿ ಉಳಿಯಿತು.

ಆಮೇಲೆ ಟ್ರಾನ್ಸಾಕ್ಷನ್ ಒಳಗೆ ಏನೇನಿದೆ ಅಂತ ಬಿಚ್ಚಿ ನೋಡಿ. ನಾನು ನೋಡಿದ ಒಂದು ಬುಕಿಂಗ್ ಕೋಡ್‌ನಲ್ಲಿ ಟ್ರಾನ್ಸಾಕ್ಷನ್ ಶುರು (ಬಿಗಿನ್) ಆದ ಮೇಲೆ ಮೊದಲ ಕೆಲಸವೇ ಸೀಟು ಕಳೆಯುವುದು. ಆಮೇಲೆ ಗ್ರಾಹಕರ ವಿವರ, ಆಮೇಲೆ ಕೂಪನ್, ಆಮೇಲೆ ಎಸ್‌ಎಂಎಸ್ ಕಳಿಸುವ ಕರೆ, ಕೊನೆಗೆ ಕಮಿಟ್. ಎಸ್‌ಎಂಎಸ್ ಗೇಟ್‌ವೇ ಒಂದು ಸೆಕೆಂಡ್ ತಡ ಮಾಡಿದರೆ ಇಡೀ ಊರು ಆ ಒಂದು ಸೆಕೆಂಡ್ ಕಾಯುತ್ತಿತ್ತು. ಎಸ್‌ಎಂಎಸ್ ಹೊರಗೆ ಹಾಕಿ, ಸೀಟು ಕಳೆಯುವುದನ್ನು ಕಮಿಟ್‌ಗೆ ಮುಂಚಿನ ಕೊನೆಯ ಸಾಲಿಗೆ ತಂದಿದ್ದಷ್ಟೇ ಮಾಡಿದ ಬದಲಾವಣೆ. ಜಾಸ್ತಿ ನೂಕುನುಗ್ಗಲು ಇರುವ ರೋವನ್ನು ಕೊನೆಗೆ ಮುಟ್ಟಿ, ಬೇಗ ಬಿಡಿ. ಪೇಮೆಂಟ್ ಅಂತೂ ಒಳಗೆ ಇರಲೇಬಾರದು. ಸೀಟನ್ನು ಎಂಟು ನಿಮಿಷಕ್ಕೆ ಕಾಯ್ದಿರಿಸಿ ಕಮಿಟ್ ಮಾಡಿ, ದುಡ್ಡು ಬಂದರೆ ಖಾಯಂ ಮಾಡಿ, ಬರದಿದ್ದರೆ ಬಿಡುಗಡೆ ಮಾಡಿ.

ಇಷ್ಟಕ್ಕೇ ನಿಮ್ಮ ಸಮಸ್ಯೆ ತೀರಬಹುದು. ತೀರದಿದ್ದರೆ ಪುಸ್ತಕವನ್ನೇ ಹತ್ತು ಮಾಡಿ. 500 ಸೀಟನ್ನು ಒಂದೇ ರೋದಲ್ಲಿ ಇಡುವ ಬದಲು ತಲಾ 50ರಂತೆ ಹತ್ತು ರೋಗಳಲ್ಲಿ ಇಡಿ. ಬಂದವರನ್ನು ಯಾವುದೋ ಒಂದಕ್ಕೆ ಕಳಿಸಿ, ಅಲ್ಲಿ ಮುಗಿದಿದ್ದರೆ ಇನ್ನೊಂದಕ್ಕೆ. ಹತ್ತೂ ರೋ ಒಂದೇ ನೋಡ್‌ನಲ್ಲಿ ಕೂತರೂ ಪರವಾಗಿಲ್ಲ, ಇಲ್ಲಿ ಜಗಳ ಲಾಕ್‌ನದ್ದು (ರೋವನ್ನು ಒಬ್ಬರು ಹಿಡಿದಿಡುವುದು), ಯಂತ್ರದ್ದಲ್ಲ. ಆದರೆ ಇದರ ಬೆಲೆಯನ್ನೂ ಹೇಳಿಬಿಡುತ್ತೇನೆ. ಕೊನೆಯ ಹತ್ತಿಪ್ಪತ್ತು ಸೀಟು ಉಳಿದಾಗ ಎಲ್ಲರೂ ಖಾಲಿ ರೋಗಳನ್ನು ಒಂದೊಂದಾಗಿ ತಟ್ಟುತ್ತಾ ಅಲೆಯುತ್ತಾರೆ. ಆಗ ಉಳಿದದ್ದನ್ನು ಒಂದೇ ರೋಗೆ ಕೂಡಿಸಿಬಿಡಿ. ಒಂದು ಕುಟುಂಬಕ್ಕೆ ನಾಲ್ಕು ಸೀಟು ಬೇಕು, ಒಂದು ರೋದಲ್ಲಿ ಎರಡೇ ಇದೆ ಅಂದರೆ ಎರಡು ರೋಗಳನ್ನು ಮುಟ್ಟಬೇಕಾಗುತ್ತದೆ. ಆಗ ಯಾವಾಗಲೂ ಚಿಕ್ಕ ನಂಬರಿನ ರೋ ಮೊದಲು, ದೊಡ್ಡದು ಆಮೇಲೆ. ಒಬ್ಬ 3 ಹಿಡಿದು 7ಕ್ಕೆ, ಇನ್ನೊಬ್ಬ 7 ಹಿಡಿದು 3ಕ್ಕೆ ಕಾದರೆ ಡೆಡ್‌ಲಾಕ್, ಇಬ್ಬರೂ ಮುಂದೆ ಹೋಗುವುದಿಲ್ಲ.

ಸೀಟಿಗೆ ನಂಬರ್ ಇದ್ದರೆ ಎಣಿಕೆಯೇ ಬೇಡ. ಸೀಟಿಗೊಂದು ರೋ ಇಡಿ. ಯಾವುದಾದರೂ ಒಂದು ಸಾಕು ಅನ್ನುವವರಿಗೆ ‘ಸ್ಕಿಪ್ ಲಾಕ್ಡ್’ ಬಳಸಿ, ಬೇರೆಯವರು ಹಿಡಿದ ರೋ ಬಿಟ್ಟು ಮುಂದಿನದ್ದನ್ನು ಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಇದು 9.5 ಆವೃತ್ತಿಯಿಂದ, ಮೈಎಸ್‌ಕ್ಯೂಎಲ್‌ನಲ್ಲಿ 8.0ರಿಂದ ಇದೆ. ನಿಮ್ಮ ಹೊಸ ಡೇಟಾಬೇಸ್‌ನಲ್ಲಿ ಇದೆಯಾ ಅಂತ ಕೈಪಿಡಿ ನೋಡಿ.

ಮರುಪ್ರಯತ್ನದ ಬಗ್ಗೆ ಎರಡು ಮಾತು, ಇಲ್ಲೇ ಜಾಸ್ತಿ ಜನ ಎಡವುತ್ತಾರೆ. 40001 ಬಂದರೆ 100 ಮಿಲಿಸೆಕೆಂಡ್ ಬಿಟ್ಟು ಮತ್ತೆ ಮಾಡು ಅಂತ ಎಲ್ಲರಿಗೂ ಒಂದೇ ಅಂತರ ಕೊಟ್ಟರೆ, ಒಟ್ಟಿಗೆ ಡಿಕ್ಕಿ ಹೊಡೆದವರು ಒಟ್ಟಿಗೇ ವಾಪಸ್ ಬಂದು ಮತ್ತೆ ಡಿಕ್ಕಿ ಹೊಡೆಯುತ್ತಾರೆ. ಮೊದಲ ಸಲಕ್ಕೆ ಸೊನ್ನೆಯಿಂದ 50ರ ಒಳಗೆ ಯಾವುದೋ ಒಂದು ಸಂಖ್ಯೆ, ಆಮೇಲೆ 100ರ ಒಳಗೆ, ಆಮೇಲೆ 200ರ ಒಳಗೆ, ಹೀಗೆ ಹಿಗ್ಗಿಸುತ್ತಾ ಹೋಗಿ, ನಾಲ್ಕೈದು ಸಲ ಆದ ಮೇಲೆ ಕೈಬಿಡಿ. ಇನ್ನೊಂದು: ಕಮಿಟ್ ಆಗಿದೆ, ಉತ್ತರ ಬರುವ ಮುಂಚೆ ನೆಟ್‌ವರ್ಕ್ ಹೋಯಿತು. ಆಯಿತೋ ಇಲ್ಲವೋ ಗೊತ್ತಿಲ್ಲದೆ ಮತ್ತೆ ಕಳಿಸಿದರೆ ಎರಡು ಟಿಕೆಟ್. ಬುಕಿಂಗ್ ಪರದೆ ತೆರೆದಾಗಲೇ ಒಂದು ಐಡಿ ಹುಟ್ಟಿಸಿ, ಬುಕಿಂಗ್ ಟೇಬಲ್‌ನಲ್ಲಿ ಅದಕ್ಕೆ ಯುನೀಕ್ ಇಂಡೆಕ್ಸ್ ಹಾಕಿ, ಅದೇ ಐಡಿ ಎರಡನೇ ಸಲ ಒಳಗೆ ಬರುವುದಿಲ್ಲ. ಎಷ್ಟು ಸಲ ಒತ್ತಿದರೂ ಒಂದೇ ಟಿಕೆಟ್.

ಕೊನೆಯದಾಗಿ, 2000 ಜನರನ್ನೂ ಡೇಟಾಬೇಸ್ ಬಾಗಿಲವರೆಗೆ ಬಿಡಬೇಡಿ. ಮುಂದೆ ಒಂದು ಕಾಯುವ ಕೋಣೆ ಮಾಡಿ, ‘ನಿಮ್ಮ ಸರದಿ 318’ ಅಂತ ತೋರಿಸಿ, ಡೇಟಾಬೇಸ್ ತಾಳುವಷ್ಟು ಜನರನ್ನು ಮಾತ್ರ ಒಳಗೆ ಬಿಡಿ. ಕನೆಕ್ಷನ್ ಪೂಲ್ (ಆ್ಯಪ್ ಡೇಟಾಬೇಸ್‌ಗೆ ತೆರೆದಿಟ್ಟ ಸಂಪರ್ಕಗಳ ಗುಂಪು) ಚಿಕ್ಕದು ಮಾಡಿದರೆ ವೇಗ ಹೆಚ್ಚುತ್ತದೆ ಅಂದರೆ ಮೊದಲು ಯಾರೂ ನಂಬುವುದಿಲ್ಲ, ಮಾಡಿ ನೋಡಿ. ರೈಲ್ವೆಯ ತತ್ಕಾಲ್‌ನಲ್ಲಿ ಎಸಿ ಟಿಕೆಟ್ 10ಕ್ಕೆ, ಎಸಿ ಇಲ್ಲದ್ದು 11ಕ್ಕೆ ತೆರೆಯುತ್ತದೆ ಅಲ್ವಾ? ನೀವೂ ಬಾಲ್ಕನಿ ಒಂದು ಹೊತ್ತಿಗೆ, ಕೆಳಗಿನ ಸೀಟು ಇನ್ನೊಂದು ಹೊತ್ತಿಗೆ ತೆರೆಯಬಹುದು. ಒಂದು ಸಾಲು ಕೋಡ್ ಬದಲಿಸದೆ ಅರ್ಧ ಒತ್ತಡ ಇಳಿಯುತ್ತದೆ.

ಪ್ರಶ್ನೆ: ಆಪ್ಟಿಮಿಸ್ಟಿಕ್ ಒಳ್ಳೆಯದೋ, ಪೆಸಿಮಿಸ್ಟಿಕ್ ಒಳ್ಳೆಯದೋ? ಲಾಕ್ ಇಲ್ಲದ್ದೇ ವೇಗ ಅಂತ ಕ್ಲಾಸಲ್ಲಿ ಹೇಳಿದರು.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಡಿಕ್ಕಿ ಅಪರೂಪ ಆದರೆ ಅವರು ಹೇಳಿದ್ದು ಸರಿ. 1981ರಲ್ಲಿ ಕುಂಗ್ ಮತ್ತು ರಾಬಿನ್ಸನ್ ಅನ್ನುವ ಸಂಶೋಧಕರು ಈ ಆಪ್ಟಿಮಿಸ್ಟಿಕ್ ವಿಧಾನದ ಬಗ್ಗೆ ಬರೆದಾಗಲೇ ಆ ಷರತ್ತು ಇತ್ತು. ಲಾಕ್ ಹಾಕದೆ ಕೆಲಸ ಪೂರ್ತಿ ಮಾಡು, ಕೊನೆಗೆ ಯಾರಾದರೂ ನಡುವೆ ಬದಲಿಸಿದ್ದಾರಾ ನೋಡು, ಬದಲಿಸಿದ್ದರೆ ಎಲ್ಲ ಬಿಸಾಡಿ ಮತ್ತೆ ಮಾಡು. ಹತ್ತು ಜನರಲ್ಲಿ ಒಂಬತ್ತು ಜನ ಬಿಸಾಡಬೇಕಾಗಿ ಬಂದರೆ ಯಂತ್ರ ದುಡಿಯುತ್ತಲೇ ಇರುತ್ತದೆ, ಕೆಲಸ ಮಾತ್ರ ಸಾಗುವುದಿಲ್ಲ. ಪೆಸಿಮಿಸ್ಟಿಕ್‌ನಲ್ಲಿ ಮೊದಲೇ ಲಾಕ್ ಹಾಕುವುದರಿಂದ ಉಳಿದವರು ಕಾಯುತ್ತಾರೆ, ಆದರೆ ಕಾದವರ ಕೆಲಸ ಹಾಳಾಗುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ಟೈಡಿಬಿ ಅನ್ನುವ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ ಮೊದಲು ಆಪ್ಟಿಮಿಸ್ಟಿಕ್ ಆಗಿಯೇ ಇತ್ತು. 3.0.8 ಆವೃತ್ತಿಯಿಂದ ಹೊಸ ಕ್ಲಸ್ಟರ್‌ಗಳಿಗೆ ಪೆಸಿಮಿಸ್ಟಿಕ್ ಅನ್ನೇ ಡೀಫಾಲ್ಟ್ ಮಾಡಿದರು. ಗೂಗಲ್‌ನ ಸ್ಪ್ಯಾನರ್ ಡೇಟಾಬೇಸ್ ಬಗ್ಗೆ 2012ರಲ್ಲಿ ಬಂದ ಪ್ರಬಂಧದಲ್ಲೂ, ತುಂಬಾ ಹೊತ್ತು ನಡೆಯುವ ಟ್ರಾನ್ಸಾಕ್ಷನ್‌ಗಳು ಡಿಕ್ಕಿಯಾಗುವ ಕಡೆ ಆಪ್ಟಿಮಿಸ್ಟಿಕ್ ಸರಿಹೋಗುವುದಿಲ್ಲ ಅಂತ ಹೇಳಿ ಲಾಕ್ ಆರಿಸಿಕೊಂಡಿದ್ದಾರೆ. ಅಲ್ಲಿ ಡೆಡ್‌ಲಾಕ್ ತಡೆಯುವ ರೀತಿ ನನಗೆ ತುಂಬಾ ಇಷ್ಟ. ಮೊದಲು ಶುರುವಾದದ್ದು ಹಿರಿಯ, ಆಮೇಲಿನದ್ದು ಕಿರಿಯ. ಕಿರಿಯ ಹಿಡಿದದ್ದು ಹಿರಿಯನಿಗೆ ಬೇಕಾದರೆ ಕಿರಿಯ ಬಿಟ್ಟು ಮೊದಲಿಂದ ಶುರು ಮಾಡಬೇಕು. ಹಿರಿಯ ಹಿಡಿದದ್ದು ಕಿರಿಯನಿಗೆ ಬೇಕಾದರೆ ಕಿರಿಯ ಕಾಯಬೇಕು. ಒಬ್ಬರಿಗೊಬ್ಬರು ಸುತ್ತಿಕೊಂಡು ಕಾಯುವುದಕ್ಕೆ ದಾರಿಯೇ ಇಲ್ಲ.

ಲ್ಯಾಪ್‌ಟಾಪ್‌ನಲ್ಲೇ ಒಂದು ಪ್ರಯೋಗ ಮಾಡಿ. ಪೋಸ್ಟ್‌ಗ್ರೆಸ್‌ಗೆ ಎರಡು ಟರ್ಮಿನಲ್ ತೆರೆಯಿರಿ. ಎರಡರಲ್ಲೂ ರಿಪೀಟಬಲ್ ರೀಡ್ (ರೀಡ್ ಕಮಿಟೆಡ್‌ಗಿಂತ ಬಿಗಿ ನಿಯಮ) ಅಂತ ಟ್ರಾನ್ಸಾಕ್ಷನ್ ಶುರು ಮಾಡಿ, ಒಂದೇ ರೋ ಓದಿ. ಮೊದಲನೆಯದರಲ್ಲಿ ಅಪ್‌ಡೇಟ್ ಮಾಡಿ, ಕಮಿಟ್ ಬೇಡ. ಎರಡನೆಯದರಲ್ಲೂ ಅದೇ ರೋ ಅಪ್‌ಡೇಟ್ ಮಾಡಿ. ಕರ್ಸರ್ ಅಲ್ಲೇ ಮಿಟುಕುತ್ತಾ ನಿಲ್ಲುತ್ತದೆ. ಮೊದಲನೆಯದಕ್ಕೆ ಹೋಗಿ ಕಮಿಟ್ ಒತ್ತಿ, ತಕ್ಷಣ ಎರಡನೆಯ ಟರ್ಮಿನಲ್‌ನಲ್ಲಿ ಎರರ್ ಬೀಳುತ್ತದೆ. ಮೇಲಿನ ಹುಬ್ಬಳ್ಳಿಯವರಿಗೆ ದಿನಾ ಬರುತ್ತಿರುವ 40001 ಅದೇ.

ಪ್ರಶ್ನೆ: ನಮ್ಮದು ಹೊಲಗಳಲ್ಲಿ ಇಟ್ಟ ಸೆನ್ಸರ್‌ಗಳ ಡೇಟಾ. ಎಲ್ಲವೂ ಹೊಸ ರೋ, ಯಾರೂ ಇನ್ನೊಬ್ಬರ ರೋ ಮುಟ್ಟುವುದಿಲ್ಲ. ಆದರೂ ಆರು ನೋಡ್‌ಗಳಲ್ಲಿ ಒಂದೇ ನೋಡ್‌ನ ಸಿಪಿಯು ಮೇಲೇರಿ ನಿಂತಿರುತ್ತದೆ. ಯಾಕೆ?
— ಓದುಗರು, ಕಲಬುರಗಿ

ಉತ್ತರ: ನಿಮ್ಮ ಪ್ರೈಮರಿ ಕೀ (ಪ್ರತಿ ರೋವನ್ನು ಗುರುತಿಸುವ ಕಾಲಂ) ಏನು ಅಂತ ಬರೆದಿಲ್ಲ. ಟೈಮ್‌ಸ್ಟ್ಯಾಂಪ್ ಅಥವಾ ಒಂದೊಂದೇ ಏರುವ ನಂಬರ್ ಅಂತ ನನ್ನ ಊಹೆ.

ಕಾಕ್ರೋಚ್‌ಡಿಬಿ, ಟೈಡಿಬಿ ಥರದ ಡೇಟಾಬೇಸ್‌ಗಳು ಕೀಗಳನ್ನು ಅನುಕ್ರಮದಲ್ಲಿ ಜೋಡಿಸಿ, ತುಂಡು ತುಂಡಾಗಿ ನೋಡ್‌ಗಳಿಗೆ ಹಂಚುತ್ತವೆ. ಕೀ ಏರುತ್ತಲೇ ಹೋದರೆ ಪ್ರತಿ ಹೊಸ ರೋ ಬೀಳುವುದು ಕೊನೆಯ ತುಂಡಿನಲ್ಲಿ. ಆ ತುಂಡು ದೊಡ್ಡದಾಗಿ ಎರಡಾದರೂ ಪ್ರಯೋಜನ ಇಲ್ಲ, ಮುಂದಿನ ರೋ ಮತ್ತೆ ಕೊನೆಯ ತುಂಡಿಗೇ. ಇಲ್ಲಿ ಲಾಕ್ ಜಗಳ ಇಲ್ಲ, ಯಂತ್ರದ ಮೇಲಿನ ಹೊರೆಯೇ ತೊಂದರೆ. ಟೈಡಿಬಿ ಡ್ಯಾಶ್‌ಬೋರ್ಡ್‌ನಲ್ಲಿ ಕೀ ವಿಶುವಲೈಸರ್ ಅಂತ ಒಂದು ಚಿತ್ರ ಬರುತ್ತದೆ, ಅಡ್ಡಕ್ಕೆ ಸಮಯ, ಉದ್ದಕ್ಕೆ ಕೀಗಳು. ಇಂಥ ಟೇಬಲ್ ಇದ್ದರೆ ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಗೆರೆಯೊಂದು ಓರೆಯಾಗಿ ಸಾಗುತ್ತದೆ. ಒಂದು ಸಲ ನೋಡಿದರೆ ಮರೆಯುವುದಿಲ್ಲ.

ಕೀಯ ಮುಂದೆ ಹಂಚುವಂಥದ್ದೇನಾದರೂ ಬರಬೇಕು. ನಿಮಗೆ ಅದು ಕೈಯಲ್ಲೇ ಇದೆ: ಸೆನ್ಸರ್ ಐಡಿ ಮೊದಲು, ಸಮಯ ಆಮೇಲೆ. ಒಂದು ಸೆನ್ಸರ್‌ನ ನಿನ್ನೆಯ ಡೇಟಾ ಕೇಳಿದರೆ ಒಂದೇ ಕಡೆ ಸಿಗುತ್ತದೆ, ಬರೆಯುವುದು ಎಲ್ಲ ಕಡೆ ಹರಡುತ್ತದೆ. ಅಂಥ ಸಹಜ ಕಾಲಂ ಇಲ್ಲದವರು ಕಾಕ್ರೋಚ್‌ಡಿಬಿಯ ಹ್ಯಾಶ್-ಶಾರ್ಡೆಡ್ ಇಂಡೆಕ್ಸ್, ಟೈಡಿಬಿಯ ಆಟೋ ರ‍್ಯಾಂಡಮ್ ಬಳಸಬಹುದು. ಎರಡೂ ಕೀಗಳನ್ನು ತಾವೇ ಚದುರಿಸುತ್ತವೆ. ಆದರೆ ‘ಕಳೆದ ಒಂದು ಗಂಟೆಯಲ್ಲಿ ಎಲ್ಲ ಸೆನ್ಸರ್‌ಗಳಿಂದ ಏನು ಬಂತು’ ಅಂತ ಕೇಳಿದರೆ ಈಗ ಎಲ್ಲ ತುಂಡುಗಳನ್ನೂ ತಡಕಬೇಕು. ದಿನಕ್ಕೆ ಎಷ್ಟು ಸಲ ಆ ಪ್ರಶ್ನೆ ಕೇಳುತ್ತೀರಿ ಅಂತ ನೋಡಿ ನಿರ್ಧಾರ ಮಾಡಿ. ಸಮಯದ ಮೇಲೆ ಇನ್ನೊಂದು ಇಂಡೆಕ್ಸ್ ಇದ್ದರೆ ಅದನ್ನೂ ಮರೆಯಬೇಡಿ, ಟೇಬಲ್ ಹರಡಿ ಇಂಡೆಕ್ಸ್ ಹಾಗೇ ಬಿಟ್ಟರೆ ಬಿಸಿ ಅಲ್ಲಿಗೆ ವರ್ಗ ಆಗುತ್ತದೆ ಅಷ್ಟೇ.

ಒಂದು ಎಚ್ಚರಿಕೆ. ಕೀಗೆ ಯುಯುಐಡಿ (ಎಲ್ಲೂ ಮರುಕಳಿಸದಂತೆ ಹುಟ್ಟಿಸುವ ಉದ್ದ ಐಡಿ) ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಯಾವ ಆವೃತ್ತಿ ಅಂತ ಹೇಳುವುದಿಲ್ಲ. 4 ಹೆಚ್ಚುಕಡಿಮೆ ಪೂರ್ತಿ ಯಾದೃಚ್ಛಿಕ, ಅದು ಹರಡುತ್ತದೆ. 2024ರಲ್ಲಿ ಪ್ರಮಾಣವಾದ 7ರ ಮುಂಭಾಗದಲ್ಲಿ ಸಮಯ ಇರುತ್ತದೆ. ಒಂಟಿ ಪೋಸ್ಟ್‌ಗ್ರೆಸ್‌ಗೆ ಅದು ಒಳ್ಳೆಯದೇ, ನಿಮ್ಮಂಥವರಿಗೆ ಅದೇ ಹಳೆಯ ತೊಂದರೆ ಬೇರೆ ವೇಷದಲ್ಲಿ ವಾಪಸ್.

ಪ್ರಶ್ನೆ: ಒಂದು ವಿಡಿಯೋ ಆ್ಯಪ್‌ನಲ್ಲಿ ಕೆಲಸ. ಲೈಕ್ ಎಣಿಕೆ ಅಮೆಜಾನ್‌ನ ಡೈನಮೋಡಿಬಿ ಡೇಟಾಬೇಸ್‌ನಲ್ಲಿದೆ. ವಿಡಿಯೋ ವೈರಲ್ ಆದರೆ ಥ್ರಾಟಲ್ ಆಗುತ್ತದೆ, ಅಂದರೆ ಮಿತಿ ಮೀರಿದ ರೈಟ್‌ಗಳನ್ನು ತಿರಸ್ಕರಿಸುತ್ತದೆ. ಕೆಪಾಸಿಟಿ ಏರಿಸಿದರೂ ಅಷ್ಟೇ. ಮುಂದಿನ ತಿಂಗಳು ಮುಂಬೈ ರೀಜನ್ (ಅಲ್ಲಿನ ಡೇಟಾ ಕೇಂದ್ರ) ಕೂಡ ಸೇರಿಸಲಿದ್ದೇವೆ.
— ಓದುಗರು, ಡಲ್ಲಾಸ್

ಉತ್ತರ: ಡೈನಮೋಡಿಬಿಯಲ್ಲಿ ಒಂದು ಪಾರ್ಟಿಷನ್‌ಗೆ (ಡೇಟಾದ ಒಂದು ತುಂಡಿಗೆ) ಸೆಕೆಂಡಿಗೆ 1000 ರೈಟ್ ಯೂನಿಟ್ ಮಿತಿ, ಒಂದು ಯೂನಿಟ್ ಅಂದರೆ 1 ಕೆಬಿವರೆಗಿನ ಒಂದು ರೈಟ್. ಬಿಸಿಯಾದ ಐಟಂ (ಅಲ್ಲಿ ರೋಗೆ ಇರುವ ಹೆಸರು) ಅನ್ನು ಅದು ಪ್ರತ್ಯೇಕ ಪಾರ್ಟಿಷನ್‌ಗೆ ಇಡಬಲ್ಲದು, ಒಂದೇ ಐಟಂ ಅನ್ನು ಎರಡು ಮಾಡಲಾರದು. ಅದಕ್ಕೇ ದುಡ್ಡು ಸುರಿದರೂ ಕದಲುತ್ತಿಲ್ಲ.

ಲೈಕ್‌ಗೆ ಸೀಟಿನಷ್ಟು ಬಿಗಿ ಬೇಡ. ವಿಡಿಯೋ ಐಡಿಯ ಹಿಂದೆ 0ಯಿಂದ 19ರವರೆಗೆ ಒಂದು ಸಂಖ್ಯೆ ಸೇರಿಸಿ 20 ಐಟಂ ಮಾಡಿ, ಓದುವಾಗ ಕೂಡಿಸಿ. ಅಥವಾ ಪ್ರತಿ ಆ್ಯಪ್ ಸರ್ವರ್ ಒಂದು ಸೆಕೆಂಡಿನ ಲೈಕ್‌ಗಳನ್ನು ಮೆಮೊರಿಯಲ್ಲಿ ಕೂಡಿಟ್ಟು, ‘137 ಸೇರಿಸು’ ಅಂತ ಒಂದೇ ರೈಟ್ ಕಳಿಸಲಿ. ಆ ಸರ್ವರ್ ಬಿದ್ದರೆ ಆ ಸೆಕೆಂಡಿನ ಎಣಿಕೆ ಹೋಗುತ್ತದೆ. ಇಂಥ ಕೂಡಿಸುವ ರೈಟ್ ಟೈಮ್‌ಔಟ್ ಆಗಿ ಮತ್ತೆ ಕಳಿಸಿದರೆ ಎರಡು ಸಲ ಕೂಡಬಹುದು ಅನ್ನುವುದೂ ಗೊತ್ತಿರಲಿ.

ದುಡ್ಡಾದರೆ ಹೀಗೆ ಮಾಡಲೇಬೇಡಿ. ನಾನು ಹಿಂದೆ ಇದ್ದ ಒಂದು ಕಡೆ ಪ್ರತಿ ಪಾವತಿಗೂ ಸಂಸ್ಥೆಯ ಕಮಿಷನ್ ಖಾತೆಯ ಒಂದೇ ರೋಗೆ ಒಂದೆರಡು ರೂಪಾಯಿ ಕೂಡಿಸುತ್ತಿದ್ದರು. ಹಬ್ಬದ ಹಿಂದಿನ ಸಂಜೆ ಇಡೀ ವ್ಯವಸ್ಥೆ ಆ ರೋ ಮುಂದೆ ನಿಂತಿತ್ತು, ಮನೆಗೆ ಹೋಗಲು ಬೆಳಗಾಯಿತು. ಆಮೇಲೆ ಮಾಡಿದ್ದು ಅಂಗಡಿಯ ರೋಜು ಪುಸ್ತಕದ ರೀತಿ: ಪ್ರತಿ ಪಾವತಿಗೆ ಕಮಿಷನ್‌ನ ಒಂದು ಹೊಸ ರೋ, ಬಾಕಿ ಮೊತ್ತವನ್ನು ಒಂದು ಕೆಲಸ ನಿಮಿಷಕ್ಕೊಮ್ಮೆ ಕೂಡಿಸಿ ಬರೆಯುತ್ತದೆ. ಬರೆಯುವವರು ಯಾರೂ ಯಾರಿಗೂ ಕಾಯಬೇಕಿಲ್ಲ, ಪೈಸೆಯೂ ತಪ್ಪುವುದಿಲ್ಲ.

ಮುಂಬೈ ಸೇರಿಸುವ ಮುಂಚೆ ಇದನ್ನು ನೋಡಿ. ಹಲವು ರೀಜನ್‌ಗಳಲ್ಲಿ ಪ್ರತಿ ಇಡುವ ಗ್ಲೋಬಲ್ ಟೇಬಲ್‌ಗಳಲ್ಲಿ ಎರಡು ರೀಜನ್ ಒಂದೇ ಐಟಂ ಬದಲಿಸಿದರೆ ಡೀಫಾಲ್ಟ್ ಆಗಿ ಕೊನೆಗೆ ಬರೆದದ್ದೇ ಉಳಿಯುತ್ತದೆ. ಅಲ್ಲಿ 5000, ಇಲ್ಲಿ 5020 ಆದರೆ ಕೂಡುವುದಿಲ್ಲ, ಒಂದು ಅಳಿಸುತ್ತದೆ. ರೀಜನ್‌ಗೊಂದು ಕೀ ಇಡಿ, ಅದನ್ನು ಆ ರೀಜನ್ ಮಾತ್ರ ಬರೆಯಲಿ, ಓದುವಾಗ ಎರಡನ್ನೂ ಕೂಡಿಸಿ. ಸಿಆರ್‌ಡಿಟಿ (ಡಿಕ್ಕಿಯಿಲ್ಲದೆ ಒಂದಾಗಬಲ್ಲ ಡೇಟಾ ರಚನೆ) ಅಂತ ಕೇಳಿರಬಹುದು, ಅದರ ಅತಿ ಸರಳ ರೂಪ ಇದೇ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ರೆಡಿಸ್‌ನಲ್ಲಿ (ಮೆಮೊರಿಯಲ್ಲೇ ಡೇಟಾ ಇಡುವ ವೇಗದ ಡೇಟಾಬೇಸ್) ಒಂದು ಲಾಕ್ ಹಾಕಿದರೆ ಸಾಲದೇ?
— ಓದುಗರು, ಉಡುಪಿ

ಉತ್ತರ: ಸಾಲದು. ಸರದಿ ಡೇಟಾಬೇಸ್‌ನಿಂದ ರೆಡಿಸ್‌ಗೆ ಬಂದು ನಿಲ್ಲುತ್ತದೆ, ಚಿಕ್ಕದಾಗುವುದಿಲ್ಲ. ಜೊತೆಗೆ ಹೊಸ ಅಪಾಯ ಒಂದಿದೆ. ಲಾಕ್‌ಗೆ 10 ಸೆಕೆಂಡ್ ಅವಧಿ ಕೊಟ್ಟಿದ್ದೀರಿ. ಲಾಕ್ ಹಿಡಿದ ಪ್ರೋಗ್ರಾಮ್ ಗಾರ್ಬೇಜ್ ಕಲೆಕ್ಷನ್‌ಗೋ (ಬಳಸದ ಮೆಮೊರಿ ಬಿಡಿಸಲು) ಇನ್ನೇನಕ್ಕೋ 12 ಸೆಕೆಂಡ್ ನಿಂತಿತು. ಲಾಕ್ ತಾನಾಗೇ ಬಿಟ್ಟುಹೋಯಿತು, ಇನ್ನೊಬ್ಬ ಹಿಡಿದ, ಬರೆದ. ಮೊದಲನೆಯದು ಎಚ್ಚರವಾಗಿ, ಲಾಕ್ ಇನ್ನೂ ನನ್ನದೇ ಅಂದುಕೊಂಡು ಅದರ ಮೇಲೆ ಬರೆಯಿತು.

ಲಾಕ್ ಬೇಕೇ ಬೇಕು ಅಂದರೆ ಪ್ರತಿ ಲಾಕ್ ಜೊತೆ ಏರುವ ಒಂದು ನಂಬರ್ ಕೊಡಿ, ಆ ನಂಬರನ್ನು ರೋದಲ್ಲೂ ಇಡಿ, ‘ನನ್ನ ನಂಬರ್‌ಗಿಂತ ದೊಡ್ಡದು ಇಲ್ಲದಿದ್ದರೆ ಮಾತ್ರ ಬರೆ’ ಅಂತ ಅಪ್‌ಡೇಟ್‌ಗೆ ಷರತ್ತು ಹಾಕಿ. ಹಾಗೆ ಷರತ್ತು ಹಾಕಿದ ಮೇಲೆ ರೆಡಿಸ್ ತೆಗೆದು ಒಮ್ಮೆ ಲೋಡ್ ಟೆಸ್ಟ್ ಮಾಡಿ, ಎರಡರ ಅಂಕಿಗಳನ್ನೂ ನನಗೆ ಬರೆದು ಕಳಿಸಿ.